ನನ್ನ ಬಾಯಲ್ಲಿ ಯಜಮಾನರ ದನಿ

ಕೆಲಸಕ್ಕೆಂದು ಕೊಳ್ಳೇಗಾಲಕ್ಕೆ ಬಂದ ಮೊದಲ ದಿನ ಮೂವರು ನನ್ನನ್ನು ಒಂದೇ ದನಿಯಲ್ಲಿ ಮಾತಾಡಿಸಿದರು. ರೇಷ್ಮೆ ಕಾರ್ಖಾನೆಯ ಗೇಟಿನ ಕಾವಲುಗಾರ, ಒಳಗೆ ಹಾಜರಿ ಬರೆಯುತ್ತಿದ್ದ ಗುಮಾಸ್ತ, ನೂಲು ಬಿಚ್ಚುವ ಹೆಂಗಸರ ಮೇಲ್ವಿಚಾರಣೆಯ ತಾಯಮ್ಮ. ಮೂವರೂ ತಲೆಯನ್ನು ಕೊಂಚ ಎಡಕ್ಕೆ ವಾಲಿಸಿದರು. ಎರಡು ಮಾತಾಡಿ, ಒಂದು ಉಸಿರಿನಷ್ಟು ತಡೆದು, ಉಳಿದದ್ದನ್ನು ತಗ್ಗಿಸಿ ಹೇಳಿದರು: "ಬನ್ನಿ, ಕುಂತ್ಕಳಿ... ಎಲ್ಲಾ ಆಯ್ತದೆ." ಈ ಸೀಮೆಯವರ ಮಾತೇ ಹೀಗಿರಬೇಕು ಅಂದುಕೊಂಡೆ. ಮಧ್ಯಾಹ್ನ ಯಜಮಾನರು ಬಂದರು. ತಲೆ ಎಡಕ್ಕೆ ವಾಲಿಸಿ ಅದೇ ಮಾತನ್ನು ಅದೇ ಕಡೆ ತಡೆದು ಹೇಳಿದರು. ಉಳಿದವರೆಲ್ಲ ಎಲ್ಲಿಂದ ಕಲಿತಿದ್ದಾರೆಂದು ಆಗ ಗೊತ್ತಾಯಿತು.

ಗದಗಿನ ನಮ್ಮವರಿಗೆ ಇದನ್ನು ಹೇಗೆ ತಿಳಿಸಲಿ? ನಮ್ಮ ಹತ್ತಿ ಮಿಲ್ಲಿನಲ್ಲಿ ಐವತ್ತು ಜನರಿದ್ದರೆ ಐವತ್ತು ಗಂಟಲು. ಸಾವಕಾರರು ಎದುರಿಗೆ ಬಂದರೂ ನಮ್ಮ ಜಗಳ ನಿಲ್ಲುತ್ತಿರಲಿಲ್ಲ. ರಾಜ್ಯ ಒಂದಾಗುವ ಮೊದಲು ನಾವು ಮುಂಬೈ ಪ್ರಾಂತ್ಯದವರು, ಇವರು ಮದರಾಸಿನವರು. ಈಗ ಎಲ್ಲರೂ ಮೈಸೂರಿನವರು. ಕಾಗದದಲ್ಲಿ ಮಾತ್ರ. ನಾನು "ಏನ್ರಿ, ಆರಾಮ ಇದ್ದೀರೇನು?" ಎಂದರೆ ಸಂತೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಜೋಳದ ರೊಟ್ಟಿ ಕೇಳಿದರೆ ರಾಗಿಹಿಟ್ಟು ಬರುತ್ತಿತ್ತು. ಇಲ್ಲಿ ಹಿಟ್ಟು ಎಂದರೆ ಮುದ್ದೆ, ಅಗಿಯಬಾರದು, ನುಂಗಬೇಕು. ಮೊದಲ ವಾರ ನುಂಗಲೂ ಆಗದೆ, ಉಗುಳಲೂ ಆಗದೆ, ಕಣ್ಣಲ್ಲಿ ನೀರು ತಂದುಕೊಂಡು ಕೂತಿದ್ದೇನೆ.

ಪರದೇಶಿಗೆ ಯಾರೂ ಬಾಡಿಗೆ ಮನೆ ಕೊಡಲಿಲ್ಲ. ಕೊನೆಗೆ ಯಜಮಾನರೇ ನನ್ನ ಜೊತೆ ಬೀದಿಗೆ ಬಂದರು. ಅವರ ಹೆಸರು ಮಾದೇವಯ್ಯ. ಮಾಂಬಳ್ಳಿಯ ರೈತರ ಮಗ, ಸ್ವಂತ ಶಕ್ತಿಯಿಂದ ಕಾರ್ಖಾನೆ ಕಟ್ಟಿದವರು. ಎಲ್ಲರೂ ಅವರನ್ನು 'ಬುದ್ದಿ' ಎನ್ನುತ್ತಾರೆ, ನಾವು ಧಣಿ ಎಂದಂತೆ. ಒಂದು ಮನೆಯ ಮುಂದೆ ನಿಂತು ನನ್ನ ಹೆಗಲ ಮೇಲೆ ಕೈಯಿಟ್ಟು "ಇವ್ರು ನಮ್ಮೋರು" ಎಂದರು. ಅಷ್ಟೇ, ಬೀಗದ ಕೈ ನನ್ನ ಕೈಗೆ ಬಂತು. ಆ ರಾತ್ರಿ ನಾನು ಅತ್ತದ್ದು ಊರಿನ ನೆನಪಿಗಲ್ಲ. ಇಷ್ಟು ದೂರದಲ್ಲಿ ಒಬ್ಬರು ನನ್ನನ್ನು ತಮ್ಮವನು ಎಂದರಲ್ಲ ಎಂದು.

ಅವರನ್ನು ದೂರಿ ಬರೆಯಲು ನನಗೆ ಕೈ ಬರುವುದಿಲ್ಲ. ನೂಲು ಬಿಚ್ಚುವ ಹೆಂಗಸೊಬ್ಬಳು ಕುದಿನೀರಿನಲ್ಲಿ ಕೈ ಸುಟ್ಟುಕೊಂಡಾಗ, ಅವಳ ಕೂಲಿ ತಪ್ಪದಿರಲೆಂದು ಅವಳ ಜಾಗದಲ್ಲಿ ತಾವೇ ಕೂತು ವಾರವಿಡೀ ಗೂಡಿನಿಂದ ಎಳೆ ತೆಗೆದರು. ನಲವತ್ತು ಹೆಂಗಸರ ಮಕ್ಕಳ ಹೆಸರು, ಯಾರಿಗೆ ಯಾವಾಗ ಜ್ವರ ಬಂದಿತ್ತು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಅವರು ಮೆಚ್ಚಿ ತಲೆಯಾಡಿಸಿದ ದಿನ ನನಗೂ ಊಟ ರುಚಿಸುತ್ತಿತ್ತು.

ಅಲ್ಲಿ ಒಂದು ಪದ್ಧತಿಯಿತ್ತು. ಬುದ್ದಿ ಊರು ಬಿಟ್ಟು ಹೋಗುವಾಗ ಒಂದು ಮಾತು ಹೇಳಿ ಹೋಗುತ್ತಿದ್ದರು. ಅವರು ಬಂದು ಆ ಮಾತಿನ ಕಟ್ಟು ಬಿಡಿಸುವವರೆಗೆ ಯಾರೂ ಅದನ್ನು ದಾಟುವಂತಿಲ್ಲ. ಒಮ್ಮೆ "ಮೂಡ್ಲ ಬಾಗ್ಲು ತೆಗೀಬ್ಯಾಡಿ" ಎಂದು ಕೊಯಮತ್ತೂರಿಗೆ ಹೋದವರು, ಬಂದ ಮೇಲೆ ಬಿಡಿಸುವುದನ್ನು ಮರೆತರಂತೆ. ಆ ಬಾಗಿಲು ಇಂದಿಗೂ ಮುಚ್ಚಿದೆ. ನಲವತ್ತು ಜನ ದಿನಾ ಕಟ್ಟಡ ಸುತ್ತಿಕೊಂಡು ಬಾವಿಗೆ ಹೋಗುತ್ತಾರೆ. ನಾನು ನಕ್ಕೆ. ಯಾರೂ ನಗಲಿಲ್ಲ.

ನನ್ನ ಕೆಲಸ ಬಾಯ್ಲರ್ ನೋಡಿಕೊಳ್ಳುವುದು. ಗೂಡು ಬೇಯಿಸುವ ನೀರಿಗೆ ಉಗಿ ಕೊಡುವ ಯಂತ್ರ ಅದು. ಅದಕ್ಕೆ ನೀರು ತುಂಬುವ ಪಂಪು ಹಳತಾಗಿತ್ತು. ಪಂಪು ನಿಂತು, ಒಳಗೆ ನೀರು ತೀರಿ, ಕೆಳಗೆ ಬೆಂಕಿ ಉರಿಯುತ್ತಲೇ ಇದ್ದರೆ ಬಾಯ್ಲರ್ ಸಿಡಿಯುತ್ತದೆ. ಗೋಡೆಯಾಚೆಯೇ ಹೆಂಗಸರು ಕೂತಿರುತ್ತಾರೆ. ಹೊಸ ಪಂಪು ಬೇಕೆಂದು ಬುದ್ದಿಯ ಬಳಿ ಮೂರು ಸಲ ಹೋದೆ. ಮೂರು ಸಲವೂ ಅವರು ಪೂರ್ತಿ ಕೇಳಿ, ಹೆಗಲ ಮೇಲೆ ಕೈಯಿಟ್ಟು, "ಆಯ್ತದೆ ಬುಡಿ ಮೇಸ್ತ್ರಿ... ನಾನಿಲ್ವಾ?" ಎಂದರು. ಹೊರಗೆ ಬರುವಾಗ ನನಗೂ ಪಂಪು ಗಟ್ಟಿಯಾಗಿದೆ ಅನಿಸುತ್ತಿತ್ತು. ಕಬ್ಬಿಣ ಬಲ್ಲ ನನಗೇ! ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ಬೆಳಿಗ್ಗೆ ಅವರು ಸೌದೆಯ ವಿಚಾರಕ್ಕೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟರು. ಬೇಗ ಕಳಿಸಬೇಕಾದ ನೂಲಿತ್ತು. ಬಾಯ್ಲರಿನ ಮುಂದೆ ನಿಂತು ಹೇಳಿದರು: "ನಾ ಬರೂಗಂಟ... ಬೆಂಕಿ ಆರ್ಬಾರ್ದು."

ಹತ್ತು ಗಂಟೆಗೆ ಪಂಪು ನಿಂತಿತು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಇಳಿಯಿತು, ಆಮೇಲೆ ಕಾಣದಾಯಿತು. ಬೆಂಕಿ ಹಾಕುವ ಸಿದ್ದಯ್ಯನಿಗೆ ಕೂಗಿದೆ: "ಬೆಂಕಿ ಹೊರಗ ಎಳೀ! ಲಗೂ ಎಳೀ!"

ಅವನು ಇನ್ನೊಂದು ಕೊರಡನ್ನು ಒಳಗಿಟ್ಟ. "ಬುದ್ದಿ ಬರೂಗಂಟ ಆರ್ಬಾರ್ದು ಅಂದವ್ರೆ ಸಾ."

"ಸಿಡೀತೈತೋ ಮಾರಾಯಾ! ಎಲ್ಲಾರೂ ಸಾಯ್ತೀವಿ!"

"ಬುದ್ದಿ ಯೋಳವ್ರೆ ಅಂದ್ಮೇಲೆ ಸಿಡಿಯಲ್ಲ ಕನ, ಸುಮ್ನಿರಿ ಸಾ."

ನಾನು ಕಬ್ಬಿಣದ ಸಲಾಕೆಗೆ ಕೈ ಹಾಕಿದೆ. ಸಿದ್ದಯ್ಯನೂ ಸೌದೆ ಹೊರುವ ಇನ್ನೊಬ್ಬನೂ ನನ್ನ ತೋಳು ಹಿಡಿದರು, ಕುಡಿದವನನ್ನು ಮನೆಗೆ ಕರೆದೊಯ್ಯುವಂತೆ ಮೆತ್ತಗೆ. ಬಿಡಿಸಿಕೊಂಡು ಹೆಂಗಸರ ಕಡೆ ಓಡಿದೆ; ಸಿದ್ದಯ್ಯ ಬೆನ್ನ ಹಿಂದೆಯೇ ಬಂದ. "ಏಳ್ರಿ, ಹೊರಗ ಹೋಗ್ರಿ!" ನಲವತ್ತು ಮುಖ ನನ್ನತ್ತ ತಿರುಗಿತು. ತಾಯಮ್ಮ ತಲೆ ಎಡಕ್ಕೆ ವಾಲಿಸಿ, "ಕುಂತ್ಕಳಿ ಸಾ... ಎಲ್ಲಾ ಆಯ್ತದೆ" ಎಂದಳು. ನಲವತ್ತು ಮುಖ ಮತ್ತೆ ನೀರಿನತ್ತ ಬಾಗಿತು.

ಆಗ ನಾನೇನು ಮಾಡಿದೆನೋ ಯೋಚಿಸಿ ಮಾಡಿದ್ದಲ್ಲ. ನನ್ನ ತಲೆ ಎಡಕ್ಕೆ ವಾಲಿತು. ಗಂಟಲು ತಾನಾಗಿ ತಗ್ಗಿತು. "ತಾಯವ್ವಾ, ಎಲ್ರುನೂವೆ ಕರ್ಕಂಡು... ಆಚ್ಗ ಓಗು. ಸಿದ್ದಾ, ಬೆಂಕಿ ಎಳಿ."

ನಾನು ಮರೆಯಲ್ಲಿ ನಿಂತಿರಲಿಲ್ಲ. ಅವರೆಲ್ಲ ನನ್ನ ಮುಖ ನೋಡುತ್ತಿದ್ದರು, ನನ್ನ ಬಾಯಿ ಆಡುವುದನ್ನು ನೋಡುತ್ತಿದ್ದರು. ಆದರೂ ತಾಯಮ್ಮ ಎದ್ದು "ಆಗ್ಲಿ ಬುದ್ದಿ" ಎಂದಳು. ಹೆಂಗಸರು ಕೈ ಒರೆಸಿಕೊಂಡು, ಒಂದು ಪಿಸುಮಾತೂ ಇಲ್ಲದೆ, ಸಾಲಾಗಿ ಹೊರಗೆ ಹೋದರು. ಸಿದ್ದಯ್ಯ ಕೆಂಡವನ್ನೆಲ್ಲ ಎಳೆದು ಹರಡಿದ. ಬಾಯ್ಲರ್ ಆರುತ್ತಾ ಸಂಜೆಯವರೆಗೆ ಲಟಲಟ ಎನ್ನುತ್ತಿತ್ತು. ಅದರ ತಳ ಕೆಂಪಾಗಿ ಉಬ್ಬಿತ್ತು, ಸಿಡಿದಿರಲಿಲ್ಲ.

ಮರುದಿನ ಯಜಮಾನರು ಬಂದರು. ಉಬ್ಬಿದ ತಳವನ್ನು ಬೆರಳಿನಿಂದ ಮುಟ್ಟಿ ನೋಡಿ, "ಬೆಂಕಿ ಎಳೀ ಅಂದೋರು ಯಾರ್ಲಾ?" ಎಂದು ಕೇಳಿದರು.

"ನೀವೇಯ ಬುದ್ದಿ," ಎಂದ ಸಿದ್ದಯ್ಯ.

ತಾಯಮ್ಮನನ್ನು ಕೇಳಿದರು. ಅವಳೂ ಅದನ್ನೇ ಹೇಳಿದಳು. ಯಾರ ಮುಖದಲ್ಲೂ ಸುಳ್ಳಿರಲಿಲ್ಲ. ಅವರು ನನ್ನ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ಮೊದಲ ಸಲ ಹೆದರಿಕೆ ಕಂಡೆ. ನಡೆದದ್ದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹೆಗಲ ಮೇಲೆ ಕೈಯಿಟ್ಟು, "ಹೂಂ ಕನ... ನಾನೇ ಯೋಳ್ದೆ" ಎಂದುಬಿಟ್ಟರು. ಒಂದು ತಿಂಗಳಲ್ಲಿ ಬೆಟ್ಟದಲ್ಲಿದ್ದುಕೊಂಡೇ ತಾವು ಕಾರ್ಖಾನೆ ಹೇಗೆ ಉಳಿಸಿದ್ದೆಂದು ಬಂದವರಿಗೆಲ್ಲ ಹೇಳತೊಡಗಿದ್ದರು. ನಂಬಿಯೇ ಹೇಳುತ್ತಿದ್ದರು.

ಪಂಪಿನ ಕತೆ ಕೇಳಿ. ಗುಮಾಸ್ತನ ಮೇಜಿನ ಮುಂದೆ ನಿಂತು ಆ ದನಿಯಲ್ಲಿ ಒಂದೇ ಸಲ ಹೇಳಿದೆ. ಅಂದೇ ಹೊಸ ಪಂಪಿಗೆ ಕಾಗದ ಹೋಯಿತು. ಈ ದನಿ ಇಲ್ಲದ ದಿನ ಏನಾದೀತೆಂದು ಅಂದಿನಿಂದ ನನಗೆ ಹೆದರಿಕೆ ಹತ್ತಿತು. ಸಿದ್ದಯ್ಯನನ್ನು ಕೂರಿಸಿಕೊಂಡು ಗಾಜಿನ ಕೊಳವೆಯ ಮೇಲೆ ಕೆಂಪು ಗೆರೆ ತೋರಿಸಿದೆ. ನೀರು ಇದರ ಕೆಳಗೆ ಹೋದರೆ ಯಾರನ್ನೂ ಕೇಳಬೇಡ, ನೀನೇ ಬೆಂಕಿ ಎಳಿ ಎಂದು ನನ್ನ ಗದಗಿನ ಮಾತಿನಲ್ಲಿ, ಬೇಕೆಂದೇ, ಬಿಡಿಸಿ ಹೇಳಿದೆ. ಅವನು ಗಮನವಿಟ್ಟು ಕೇಳಿ, "ಸರಿ ಸಾ. ನೀವು ಬುದ್ದಿ ಆಗಿ ಯೋಳ್ದಾಗ ಎಳೀತೀನಿ" ಎಂದ.

ಹಾಗಾಗಿ ನಾನು ಇಲ್ಲಿ ಉಳಿದಿದ್ದೇನೆ. ನಾನು ಹೋದರೆ ಆ ನಲವತ್ತು ಜನರನ್ನು ಎಬ್ಬಿಸುವವರು ಯಾರು? ಯಜಮಾನರಿಗೆ ಈಗ ವಯಸ್ಸಾಗಿದೆ, ಮಾತು ಕಡಿಮೆ. ದಿನದಲ್ಲಿ ಹೆಚ್ಚು ಹೊತ್ತು ಮಾತಾಡುವವನು ನಾನೇ.

ಹೋದ ದೀಪಾವಳಿಗೆ ಗದಗಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತು ಅಣ್ಣನ ಜೊತೆ ಮಾತಾಡುತ್ತಿದ್ದೆ. ಮಿಲ್ಲಿನಲ್ಲಿ ಜಾಗ ಖಾಲಿಯಿದೆ, ಬಂದುಬಿಡು ಎಂದು ಅವನು ಹೇಳುತ್ತಿದ್ದ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. "ಯಾರೋ ದೊಡ್ಡವರು ಬಂದಾರ," ಎಂದು ಅತ್ತಿಗೆಗೆ ಹೇಳಿದ್ದು ಕೇಳಿಸಿತು. "ನನ್ನ ಮಗಾ ಎಲ್ಲಿ ಹೋದಾ? ಅವನ ರೊಟ್ಟಿ ಆರತಾವ, ಕರೀ."

"ಇಲ್ಲೇ ಇದ್ದೇನವ್ವಾ" ಎನ್ನಬೇಕೆಂದು ಬಾಯಿ ತೆರೆದೆ. "ಬಂದೆ ಕನವ್ವಾ..." ಎಂದು ಆ ದನಿಯೇ ಹೊರಟು, ತಡೆದು ನಿಂತಿತು.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊರಗಿನವರ ಮುಂದೆ ಬರುವಂತೆ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು. ನೋಡಿದ ಮೇಲೂ ಸೆರಗು ಸರಿಸಲಿಲ್ಲ.