ಮೂರು ಅಂಕಿಗಳ ಸರಾಸರಿ

ಯುದ್ಧದ ವರ್ಷಗಳಲ್ಲಿ ನಾನು ಹೊಸೂರಿನ ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸರ್, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವ, ಆಗಿದ್ದೆ. ಕಣ್ಣಿನೊಳಗಿನ ಒತ್ತಡ ಅಳೆಯುವುದೂ ನನ್ನ ಕೆಲಸ. ರೋಗಿಯನ್ನು ಮಲಗಿಸಿ, ಕೊಕೇನ್ ಹನಿ ಹಾಕಿ, ರೆಪ್ಪೆ ಅಗಲಿಸಿ, ಉಕ್ಕಿನ ಪುಟ್ಟ ಉಪಕರಣವನ್ನು ಕರಿಗುಡ್ಡೆಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಅದರ ಮುಳ್ಳು ವಾಲಿದಷ್ಟಕ್ಕೆ ಒತ್ತಡದ ಅಂಕಿ ಸಿಗುತ್ತಿತ್ತು. ಅಂಕಿ ಇಪ್ಪತ್ತೈದು ದಾಟಿದರೆ ಕಣ್ಣು ಬಿಗಿದು ಗಟ್ಟಿಯಾಗಿದೆ, ದೃಷ್ಟಿಗೆ ಅಪಾಯ ಎಂದರ್ಥ. ಒಂದು ಕಣ್ಣಿಗೆ ಮೂರು ಸಲ ಅಳೆದು ರಿಜಿಸ್ಟರಿನಲ್ಲಿ ಸರಾಸರಿ ಮಾತ್ರ ಬರೆಯುತ್ತಿದ್ದೆ. ದಿನಕ್ಕೆ ಎಷ್ಟು ಕಣ್ಣು, ಯಾವುದಕ್ಕೆ ಯಾವ ಮೂರು ಅಂಕಿ ಎಂಬ ಲೆಕ್ಕ ನನ್ನ ಡೈರಿಯಲ್ಲಿ ಇರುತ್ತಿತ್ತು. ಕೀವು, ಗೀಜು, ಹಳ್ಳಿಯಲ್ಲಿ ಕಣ್ಣಿಗೆ ಹಿಂಡಿಸಿಕೊಂಡು ಬಂದ ಸೊಪ್ಪಿನ ರಸದ ನಾತ ನನಗೆ ವಾಕರಿಕೆ ತರುತ್ತಿದ್ದವು. ಅಂಕಿಗಳು ಮಾತ್ರ ಶುಚಿಯಾಗಿದ್ದವು.

ಒಂದು ಮಂಗಳವಾರ, ಒಂಬತ್ತನೆಯವಳಾಗಿ ಬಾಗಲೂರಿನ ಹೆಂಗಸೊಬ್ಬಳು ಬಂದಳು. ಚಿಕ್ಕಂದಿನಲ್ಲಿ ಸಿಡುಬು ಎಡಗಣ್ಣನ್ನು ತಿಂದುಹಾಕಿತ್ತು. ಬಲಗಣ್ಣಿಗೂ ಹೂ ಬಿದ್ದು, ಕರಿಗುಡ್ಡೆ ಆರಿದ ಗಂಜಿಯ ಕೆನೆಯಂತೆ ಸುಕ್ಕಾಗಿತ್ತು; ಆದರೂ ಅದರಲ್ಲಿ ಮಸುಕಾಗಿ ಕಾಣುತ್ತಿತ್ತು. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಎನ್ನುತ್ತಲೇ ನನ್ನ ಕಾಲ ಮೇಲೆ ವಾಂತಿ ಮಾಡಿಕೊಂಡಳು.

ಆ ಏರುತಗ್ಗಿನ ಮೇಲೆ ಉಪಕರಣ ಸರಿಯಾಗಿ ಕೂರಲಿಲ್ಲ. ಹದಿನಾರು, ಮೂವತ್ತೊಂದು, ಹತ್ತೊಂಬತ್ತು ಎಂದು ಮೂರು ಅಂಕಿ ಬಂದವು.

ನೆಲ ಒರೆಸುತ್ತಿದ್ದ ಆಯಾ ಎದ್ದು ಬಂದು, ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳಿಟ್ಟಳು. "ಲೋ, ಅಮುಕ್ ನೋಡ್ಲಾ. ಗೋಲಿ ಇದ್ದಂಗ್ ಗಟ್ಟಿಗೈತೆ."

"ನಿನ್ ಬೆರಳಲ್ಲಿ ಮುಳ್ಳೈತಾ, ಅಂಕಿ ತೋರ್ಸಾಕೆ?" ಎಂದೆ.

"ಮುಟ್ಟಾಕ್ ಅಸಹ್ಯ ಅಂತ ಹೇಳ್ಲಾ, ದೊಡ್ಡ ದೊರೆ!"

ಅದು ನಿಜವಾಗಿತ್ತು. ರೆಪ್ಪೆಗಂಟಿದ್ದ ಹಳದಿ ಗೀಜನ್ನು ಮುಟ್ಟಲಾರದೆ, ಸರಾಸರಿ ತೆಗೆದು ಇಪ್ಪತ್ತೆರಡು ಎಂದು ಬರೆದೆ. ಡಾಕ್ಟರು ರಿಜಿಸ್ಟರು ನೋಡಿ, ಒತ್ತಡ ಸರಿಯಾಗಿದೆ ಎಂದು ತಲೆನೋವಿನ ಪುಡಿ ಕೊಟ್ಟು ಕಳಿಸಿದರು.

ಶುಕ್ರವಾರ ಡೈರಿ ತಿರುವಿದಾಗ, ಅಷ್ಟು ದೂರದೂರದ ಮೂರು ಅಂಕಿ ಬೇರೆ ಯಾವ ಕಣ್ಣಿಗೂ ಬಂದಿಲ್ಲವೆಂದು ಕಂಡಿತು; ಅವುಗಳ ಸರಾಸರಿಗೆ ಅರ್ಥವೇ ಇರಲಿಲ್ಲ. ಸೈಕಲ್ ಹತ್ತಿ ಬಾಗಲೂರಿಗೆ ಹೋದೆ. ಆಕೆ ಗೋಡೆಗೆ ಹಣೆ ಒತ್ತಿಕೊಂಡು ಕೂತಿದ್ದಳು. ರೆಪ್ಪೆಯ ಮೇಲೆ ಬೆರಳಿಟ್ಟೆ, ಕಲ್ಲು.

"ಯಾರಪ್ಪಾ ಅದು? ಏನೂ ಕಾಣಾಕಿಲ್ಲ."

"ಆಸ್ಪತ್ರೆಯವನು, ಅಮ್ಮ."

"ಈಗ್ ಅಮುಕ್ತೀಯಾ?" ಎಂದಳು.

ಗಾಡಿ ಕಟ್ಟಿಸಿ ಕರೆತಂದೆ. ಡಾಕ್ಟರು ಅಂದೇ ಶಸ್ತ್ರಕ್ರಿಯೆ ಮಾಡಿದರು. ನೋವು ಹೋಯಿತು. ದೃಷ್ಟಿ ಬರಲಿಲ್ಲ.

ಕೈ ತೊಳೆಯುತ್ತಾ ಅವರು, "ಇಪ್ಪತ್ತೆರಡು ಇತ್ತಲ್ಲಯ್ಯ, ನೀನೇನು ಮಾಡೋಕಾಗ್ತಿತ್ತು?" ಎಂದರು.

ಮೂರು ಅಂಕಿಗಳ ಮಾತನ್ನು ನಾನು ಎತ್ತಲಿಲ್ಲ. "ಹೌದು ಸಾರ್" ಎಂದೆ. ಯಾವ ಕೀವಿಗೂ ಬಾರದ ಹೇಸಿಗೆ ನನ್ನದೇ ಆ ಎರಡು ಮಾತಿಗೆ ಬಂತು.