ತೂರಲು ಬಂದ ಪರಿಮಳ

ಪರಿಮಳಳನ್ನು ಮೊದಲು ಕಂಡದ್ದು ತಿಗನಾರೆಯ ನಮ್ಮ ಕಣದಲ್ಲಿ. ಮದುವೆಯಾಗಿ ಬಂದ ವರ್ಷವೇ ರಾಗಿ ತೂರುವ ಕೂಲಿಗೆ ಬಂದಿದ್ದಳು. ಮೊರ ಎತ್ತಲೂ ಬರುತ್ತಿರಲಿಲ್ಲ. ಗಾಳಿ ನೋಡಿ ನಿಲ್ಲಿಸಿ, ಕೈ ಹಿಡಿದು ಕಲಿಸಿದವಳು ನಾನು.

ಹತ್ತು ವರ್ಷದ ಮೇಲೆ, ಹೆಂಗಸರಿಗೆ ಫೋನಿನಲ್ಲಿ ವಿಡಿಯೋ ಮಾಡುವುದನ್ನು ಕಲಿಸಲು ರಂಜಿತ ಟೀಚರ್ ಬಂದರು. ಯಾರಿಗೆ ಎಷ್ಟು ಬರುತ್ತದೆಂದು ತಿಳಿಯಲು ಮೊದಲ ದಿನವೇ ಪರೀಕ್ಷೆ ಇಟ್ಟರು. ಗೊತ್ತಿರುವ ಕೆಲಸವೊಂದನ್ನು ಒಂದು ನಿಮಿಷದಲ್ಲಿ ತೋರಿಸಬೇಕು. ನಾನೂ ಪರಿಮಳಳೂ ತೂರುವುದನ್ನೇ ಆರಿಸಿಕೊಂಡೆವು.

ನಾನು ಎಂದಿನಂತೆ ಗಾಳಿಗೆ ನಿಂತು, ಒಂದೂ ಬಿಡದೆ ವಿವರಿಸಿದೆ. ಆಮೇಲೆ ವಿಡಿಯೋ ಹಾಕಿ ಕೇಳಿದರೆ ಬರೀ ಗಾಳಿಯ ಸದ್ದು, ನನ್ನ ಮಾತು ಒಂದೂ ಇಲ್ಲ. ಪರಿಮಳ ಕೆಲಸವನ್ನು ಕಣದಲ್ಲಿ ತೆಗೆದು, ಮಾತನ್ನು ಗೋಡೆಯ ಮರೆಯಲ್ಲಿ ಕೂತು ಸೇರಿಸಿದ್ದಳು. ಆ ಮಾತೆಲ್ಲ ನಾನು ಹೇಳಿಕೊಟ್ಟದ್ದೇ.

“ಅಮ್ಮೋರ್ ತಾವ್ಲೇ ಕಲ್ತಿದ್ದು ಕಣ್ ಟೀಚರ್,” ಎಂದಳು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಆಮೇಲೆ ಅವಳ ವಿಡಿಯೋಗಳನ್ನು ದೊಡ್ಡಗಾಜನೂರಿನವರೂ ನೋಡತೊಡಗಿದರು. ಅವಳು ಎದುರು ಸಿಕ್ಕರೆ ನಾನು ಮುಖ ತಿರುಗಿಸುತ್ತಿದ್ದೆ. ಮುಂದಿನ ತರಗತಿಗೆ ಕಲಿಸಲು ಟೀಚರ್ ಅವಳನ್ನೇ ಆರಿಸಿದರು.

ಮೊನ್ನೆ ನಮ್ಮ ಜಗಲಿಯ ಮುಂದೆ ನಿಂತು ಕೇಳಿದಳು:

“ಮಕ ಊದುಸ್ಕಂಡಿದ್ದು ಸಾಕು ಕಣಮ್ಮೋ. ಸೋಮಾರ ನಂದೇ ಕ್ಲಾಸು. ಕಲ್ಯಾಕೆ ಬತ್ತೀರಾ?”