ಬಾನಿಗೆ ಸುರಿದ ಅವರೆಬೇಳೆ

ಇವತ್ತು ಬೆಳಿಗ್ಗೆ ನಮ್ಮೂರು ಮಧುರೆಯಿಂದ ನೆಲಮಂಗಲಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು ಕಾಲಡಿಯಲ್ಲಿ ಅವರೆಕಾಯಿ ಚೀಲ ಇಟ್ಟುಕೊಂಡಿದ್ದಳು. ಇಬ್ಬನಿ ಬಿದ್ದ ಕಾಯಿ. ಅದರ ಸೊಗಡು ಬಸ್ಸೆಲ್ಲ ತುಂಬಿತ್ತು. ಉಳಿದವರು ಮೂಗರಳಿಸಿ ಸುಖಪಡುತ್ತಿದ್ದರೆ, ನಾನು ಕಿಟಕಿ ಕಡೆ ಮುಖ ತಿರುಗಿಸಿದೆ. ಅವರೆಕಾಯಿ ವಾಸನೆಗೆ ಹೆದರುವ ಹೆಂಗಸು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದು ಹೇಳುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು; ಹೇಳುವುದು ಹಿಂದುಮುಂದಾದರೆ ಸಹಿಸಿಕೊಳ್ಳಿ.

ಹಿತಕಿದ ಬೇಳೆ ಸಾರು ನೀವೂ ಉಂಡಿರುತ್ತೀರಿ. ಆದರೆ ಅದರ ಹಿಂದಿನ ಕೆಲಸ ಒಬ್ಬರಿಂದ ಆಗುವುದಲ್ಲ. ಕಾಳನ್ನು ನೀರಿನಲ್ಲಿ ನೆನೆಸಿ, ಒಂದೊಂದನ್ನೂ ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಹಾರುತ್ತದೆ. ಅದಕ್ಕೇ ನಮ್ಮಲ್ಲಿ ಪಾತ್ರೆ ನಡುವೆ ಇಟ್ಟು ಮನೆಯವರೆಲ್ಲ ಸುತ್ತ ಕೂರುತ್ತಾರೆ. ಎಲ್ಲರ ಕೈಯೂ ಒಂದೇ ನೀರಿನಲ್ಲಿ. ಉಗುರ ಸಂದಿ ಉರಿಯುತ್ತದೆ, ಬಾಯಿ ಸುಮ್ಮನಿರುವುದಿಲ್ಲ. ಮಾತು ಬಿಟ್ಟವರೂ ಅಲ್ಲಿ ಕೂತು ರಾಜಿಯಾದದ್ದು ನಾನು ನೋಡಿದ್ದೇನೆ.

ರತ್ನ ನನ್ನ ತಂಗಿ. ಅವಳನ್ನು ನೆಲಮಂಗಲದ ನಾಗರಾಜುಗೆ ಕೊಟ್ಟಿದ್ದೆವು. ಲಾರಿ ಓಡಿಸುತ್ತಿದ್ದರು. ಒಳ್ಳೆಯ ಮನುಷ್ಯ, ಬಾಯ್ತುಂಬ ನಗು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವರ ಮೈ ಇಳಿಯತೊಡಗಿತು. ಆಸ್ಪತ್ರೆಗೆ ಹೋಗಲು ಹೆದರಿ ತಡ ಮಾಡಿದರು. ಹೋದಾಗ ರಕ್ತದಲ್ಲಿ ಎಚ್‌ಐವಿ ಇದೆ ಎಂದರು. ಮಾತ್ರೆ ಶುರುವಾಯಿತು, ಅಷ್ಟರಲ್ಲಿ ಕ್ಷಯ ಕೂತಿತ್ತು. ಒಂದು ಮಾರ್ಗಶಿರದಲ್ಲಿ ಹೋಗಿಬಿಟ್ಟರು.

ರತ್ನನ ರಕ್ತವನ್ನೂ ನೋಡಿದರು. ಇಲ್ಲ ಎಂದರು. ಮತ್ತೆ ನೋಡಿದರು, ಆಗಲೂ ಇಲ್ಲ. ಈ ವಿಷಯ ಅವಳು ಹೇಳಿದ್ದು ನನಗೊಬ್ಬಳಿಗೇ. ನಾನು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ, ಇಂಗ್ಲಿಷ್ ಓದಲು ಬರುವವಳ ಹಾಗೆ. ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ಹೇಗೆ ಬರದೆ ಇರುತ್ತದೆ? ಕಾಗದ ತಪ್ಪಿರಬೇಕು, ಇಲ್ಲ ಇವಳು ಸುಳ್ಳು ಹೇಳುತ್ತಿರಬೇಕು. ನನ್ನ ತಲೆ ಹೋದದ್ದು ಅಷ್ಟೇ ದೂರ.

ಕರ್ಮಾಂತರ ಕಳೆದು ಕೆಲವು ದಿನ ನಮ್ಮ ಮನೆಗೆ ಬಂದಳು. ಅವರೆಯ ಕಾಲ. ಮಧ್ಯಾಹ್ನ ನಾನು, ನಮ್ಮತ್ತೆ ಪಾತ್ರೆ ಮುಂದೆ ಕೂತಿದ್ದೆವು. ಅತ್ತೆಗೆ ಏನೂ ಗೊತ್ತಿಲ್ಲ.

"ಬಾರೇ ರತ್ನ, ನಿಮ್ಮಕ್ಕ ಒಂದು ಕಾಳು ಹಿತುಕೋಷ್ಟ್ರಲ್ಲಿ ಸಂಕ್ರಾಂತಿ ಬಂದ್ಬಿಡತ್ತೆ," ಎಂದರು.

ರತ್ನ ಎಷ್ಟೋ ದಿನದ ಮೇಲೆ ನಕ್ಕಳು. ಸೆರಗು ಸಿಕ್ಕಿಸಿ ಕೂತು ಕೈ ಹಾಕಿದಳು. "ನೀನು ಬಿಡೇ, ದಣಿದಿದ್ದೀಯ," ಎಂದೆ. "ಕೂತ್ಕೊಂಡು ಮಾಡೋದಕ್ಕೆ ಏನಕ್ಕ ದಣಿವು," ಎಂದು ಅವಳು ಒತ್ತುತ್ತಲೇ ಇದ್ದಳು. ಅವಳ ಹೆಬ್ಬೆರಳಿನ ಉಗುರ ಪಕ್ಕ ಕೆಂಪಾಗಿತ್ತು. ರಕ್ತವೋ, ನೆನೆದು ಕೆಂಪಾದ ಚರ್ಮವೋ, ಇವತ್ತಿಗೂ ಗೊತ್ತಿಲ್ಲ. ನಾನು ಎದ್ದವಳೇ ಪಾತ್ರೆ ಎತ್ತಿಕೊಂಡು ಹೋಗಿ, ಹಿತ್ತಲಲ್ಲಿ ಹಸುವಿನ ಕಲಗಚ್ಚಿಗೆ ಇಟ್ಟಿದ್ದ ಬಾನಿಗೆ ಸುರಿದುಬಿಟ್ಟೆ.

"ಅಯ್ಯೋ, ತಲೆ ಕೆಟ್ಟಿದ್ಯೇನೇ ನಿಂಗೆ?" ಎಂದರು ಅತ್ತೆ.

"ಹಳಸೋಗಿದೆ ಅತ್ತೆ."

"ಬೆಳಿಗ್ಗೆ ನೆನೆಸಿದ್ದು ಹೆಂಗೇ ಹಳಸತ್ತೆ?"

ರತ್ನ ತನ್ನ ಒದ್ದೆ ಕೈಗಳನ್ನು ನೋಡಿಕೊಂಡಳು. ಎದ್ದು ಸೋಪು ಹಾಕಿ ತೊಳೆದುಕೊಂಡಳು, ನನಗೆ ಕಾಣುವ ಹಾಗೆ. ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟುಹೋದಳು. ಬೇಳೆ ತಿಂದ ಹಸುವಿನ ಹಾಲನ್ನು ಸಂಜೆ ಕಾಯಿಸಿ ನಾನೇ ಲೋಟ ತುಂಬ ಕುಡಿದಿದ್ದೆ. ನನ್ನ ಬುದ್ಧಿಯ ಅಳತೆ ಅಷ್ಟು.

ಎಂಟು ವರ್ಷ ಹೀಗೇ ಕಳೆಯಿತು. ಹಬ್ಬಕ್ಕೆ ಫೋನು, ಅಷ್ಟೇ. ಹೋದ ತಿಂಗಳು ನನ್ನ ಗರ್ಭಕೋಶದ ಆಪರೇಷನ್ನಿಗೆ ಮುಂಚೆ ನನ್ನ ರಕ್ತವನ್ನೂ ಅದೇ ಪರೀಕ್ಷೆಗೆ ತೆಗೆದರು. ಕಾಗದ ಬರುವವರೆಗೆ ಬೆಂಚಿನ ಮೇಲೆ ಕೂತಿದ್ದೆನಲ್ಲ, ಆಗ ರತ್ನ ಎಂಥ ಬೆಂಚಿನ ಮೇಲೆ ಕೂತಿದ್ದಳೆಂದು ಗೊತ್ತಾಯಿತು. ಇಲ್ಲ ಎಂದ ಮೇಲೆ ಧೈರ್ಯ ಮಾಡಿ, ತಂಗಿಯ ವಿಷಯ ಹೇಳಿ ಡಾಕ್ಟರಮ್ಮನನ್ನು ಕೇಳಿದೆ: ಗಂಡನಿಗಿದ್ದು ಹೆಂಡತಿಗೆ ಬರದೆ ಇರುತ್ತಾ?

"ಇರತ್ತಮ್ಮ," ಎಂದರು. "ನಿಮ್ಮನೇಲಿ ನಾಯಿ ಇದ್ಯಾ? ಹೊಸಬರು ಬಂದ್ರೆ ಬೊಗಳು ಅಂತ ಯಾರಾದ್ರೂ ಕಲಿಸಿದ್ರಾ ಅದಕ್ಕೆ? ನಮ್ಮ ಮೈಯಲ್ಲೂ ಹಂಗೇ ಹುಟ್ಟಿಂದಾನೇ ಕಾವಲಿದೆ. ರೋಗಾಣು ಬಂದ್ರೆ ವಾಸನೆ ಹಿಡಿಯೋ ಮೂಗು ಇದ್ದಂಗೆ. ನಾವು ರಿಸೆಪ್ಟರ್ ಅಂತೀವಿ. ಅದು ಅಪ್ಪ ಅಮ್ಮನಿಂದ ಬರೋದು, ಒಬ್ಬೊಬ್ಬರಲ್ಲಿ ಒಂಚೂರು ಬೇರೆ ಬೇರೆ. ಅಕ್ಕತಂಗೀರಲ್ಲೂ ಒಂದೇ ಥರ ಇರ್ಬೇಕು ಅಂತಿಲ್ಲ. ಆ ವ್ಯತ್ಯಾಸದಿಂದ ಕೆಲವರಿಗೆ ವೈರಸ್ ಅಂಟೋದು ಕಷ್ಟ ಆಗ್ಬಹುದು, ಕೆಲವರಿಗೆ ಸುಲಭ ಆಗ್ಬಹುದು. ಅತಿಯಾಗಿ ಬೊಗಳಿದ್ರೂ ಮೈಗೆ ಒಳ್ಳೇದಲ್ಲ. ನಿಮ್ಮ ತಂಗಿಗೆ ಇದರಿಂದಲೇ ಬರ್ಲಿಲ್ಲ ಅಂತ ನಾನು ಹೇಳಕ್ಕಾಗಲ್ಲ. ಬೇರೆ ಕಾರಣಗಳೂ ಇರ್ತವೆ. ಆದ್ರೆ ಬರದೆ ಇರೋದು ಸುಳ್ಳಲ್ಲ."

ಮನೆಯವರನ್ನೇ ಬೊಗಳಿ ಓಡಿಸಿದ ನಾಯಿ ನಾನು ಎಂದುಕೊಂಡೆ. ಆದರೂ, ಕೇಳಿ, ಒಳಗೊಳಗೆ ಹಗುರವಾಯಿತು. ತಪ್ಪಿಗೆ ಒಂದು ವಿವರಣೆ ಸಿಕ್ಕಿತಲ್ಲ. ಆಪರೇಷನ್ ಮುಂದೂಡಿ, ಅಲ್ಲಿಂದಲೇ ನೆಲಮಂಗಲದ ಬಸ್ಸು ಹತ್ತಿ ರತ್ನನ ಮನೆಗೆ ಹೋದೆ. ಅವಳ ಕೈ ಹಿಡಿದು, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. "ನಿಂಗೆ ನಿಜವಾಗ್ಲೂ ಇರ್ಲಿಲ್ಲ ಕಣೇ. ನಾನು ತಪ್ಪು ಮಾಡ್ಬಿಟ್ಟೆ," ಎಂದು ಅಳತೊಡಗಿದೆ.

ರತ್ನ ಕೈ ಬಿಡಿಸಿಕೊಳ್ಳಲಿಲ್ಲ. "ಇದ್ದಿದ್ರೆ ಚೆಲ್ಲಿದ್ದು ಸರಿಯಾಗಿರ್ತಿತ್ತೇನಕ್ಕ?" ಎಂದಳು.

ನನ್ನ ಅಳು ಅಲ್ಲೇ ನಿಂತಿತು.

"ಕೈ ಮುಟ್ಟಿದ್ರೆ, ಜೊತೇಲಿ ಉಂಡ್ರೆ ಬರಲ್ಲ ಅಂತ ಕಾಗದ ತೋರಿಸ್ದಾಗ್ಲೇ ಹೇಳಿದ್ದೆ. ನಂಗಿಲ್ಲ ಅಂತ ಈಗ ಬಂದಿದ್ದೀಯ. ನಮ್ಮನೆಯವ್ರಿಗೆ ಇತ್ತಲ್ಲ, ಅವ್ರು ಏನು ಮಾಡಿದ್ರು ನಿಂಗೆ?"

ಆಗ ನೆನಪಾಯಿತು. ಅವರು ಮಲಗಿದ್ದಾಗ ಒಂದೇ ಒಂದು ಸಲ ನೋಡಲು ಹೋಗಿದ್ದೆ, ಜಗಲಿಯವರೆಗೆ. ಗೋಡೆ ಹಿಡಿದು ಎದ್ದು ಬಂದು ಅವರೇ ನೀರು ಕೊಟ್ಟರು. ಒಪ್ಪತ್ತಿದ್ದೀನಿ, ಬೇಡ ಎಂದೆ. "ನೀರಿಗೂ ಒಪ್ಪತ್ತಾ ಅಕ್ಕ?" ಎಂದು ನಕ್ಕರು. ಅದಕ್ಕೆ ಯಾವ ಡಾಕ್ಟರ ವಿವರಣೆಯೂ ಇಲ್ಲ.

"ಕೊನೇಲಿ ಅವ್ರಿಗೆ ಏನಾದ್ರೂ ತಿನ್ಬೇಕು ಅಂತ ಆಸೆ ಇತ್ತೇನೇ?" ಎಂದು ಕೇಳಿದೆ.

ರತ್ನ ಹೇಳಿದಳು: "ತಿನ್ನೋದಲ್ಲ. ಯಾರಾದ್ರೂ ಬರ್ಲಿ ಅಂತಿತ್ತು. ಗೇಟು ಸದ್ದಾದ್ರೆ, ಯಾರು ನೋಡು, ಯಾರು ನೋಡು ಅನ್ನೋರು."

ಇವತ್ತು ಅವರ ತಿಥಿ. ಎಂಟು ವರ್ಷದಲ್ಲಿ ಒಮ್ಮೆಯೂ ಅದಕ್ಕೆ ಹೋಗಿರಲಿಲ್ಲ. ಬಸ್ಸಿಳಿದು ಗೋಡೌನುಗಳ ಸಾಲು ದಾಟಿ ನಡೆದೆ. ರತ್ನ ಅಂಗಳ ಸಾರಿಸುತ್ತಿದ್ದಳು. ನನ್ನನ್ನು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು, ಒಳಗೆ ಹೂವು ಮುಡಿಸಿಟ್ಟಿದ್ದ ಗಂಡನ ಫೋಟೋ ಕಡೆ ತಿರುಗಿದಳು.

"ನೋಡ್ರೀ," ಎಂದಳು, "ನಮ್ಮಕ್ಕ ಬಂದಿದ್ದಾರೆ."